ಕಂಬಳಿಯ ತೂತಿನ ಸೂರ್ಯ

ನಂಜೇಶನಂಥ ವಿಜ್ಞಾನದ ಮೇಷ್ಟರನ್ನು ಕಟ್ಟಿಕೊಂಡ ಮೇಲೆ ಮಂಗಳಮ್ಮಣ್ಣಿಗೆ ಆಕಾಶ ನೋಡದೆ ವಿಧಿಯಿರಲಿಲ್ಲ. ಮದುವೆಯಾದ ಹೊಸದರಲ್ಲಿ ಬೇರೆ ಗಂಡಂದಿರು ಹೆಂಡತಿಯನ್ನು ಮೈಸೂರಿಗೆ ಸಿನಿಮಾ ತೋರಿಸಲು ಕರೆದೊಯ್ದರೆ, ಈ ಮಹಾರಾಯ ಸಂಜೆಯಾಯಿತೆಂದರೆ ತಿ. ನರಸೀಪುರದ ಹೊಳೆದಂಡೆಗೆ ಕರೆದೊಯ್ದು, ಮರಳ ಮೇಲೆ ಕೂರಿಸಿ, ಕತ್ತೆತ್ತಿಸಿ ಪಾಠ ಮಾಡುತ್ತಿದ್ದ. ಹೈಸ್ಕೂಲಿನಲ್ಲಿ ದಿನವಿಡೀ ಒದರಿದ್ದು ಸಾಲುತ್ತಿರಲಿಲ್ಲವೇನೋ.

"ಆ ಚುಕ್ಕಿ ಕಾಣ್ತದಲ್ಲ, ಅದು ಈಗ ಇಲ್ದೇನೂ ಇರ್ಬೋದು ಕಣೇ. ಅದರ ಬೆಳಕು ಅಲ್ಲಿಂದ ಹೊರಟು ನೂರಾರು ವರ್ಷ ಆಗದೆ. ಚುಕ್ಕಿ ಆರೋಗಿದ್ರೂ ಬೆಳಕು ಬತ್ತಾನೇ ಇರ್ತದೆ."

"ಹಂಗಾರೆ ಸೂರ್ಯ ಆರೋದ್ರೆ?"

"ಎಂಟು ನಿಮಿಷ ನಮಗೆ ಗೊತ್ತೇ ಆಗಕಿಲ್ಲ. ಬಿಸಿಲು ಇಲ್ಲಿಗೆ ಬರಕ್ಕೆ ಅಷ್ಟೊತ್ತು ಬೇಕು."

ಆ ಎಂಟು ನಿಮಿಷ ಮಂಗಳಳಿಗೆ ಬಹಳ ಹಿಡಿಸಿತು. ಬಟ್ಟೆ ಒಣಹಾಕುವಾಗ ಹಳೇ ಬಿಸಿಲು, ಹಳೇ ಬಿಸಿಲು ಎಂದು ತನ್ನಷ್ಟಕ್ಕೆ ನಗುತ್ತಿದ್ದಳು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಗಂಡ ಹೇಳಿದ್ದೇ ವೇದವಾಕ್ಯ.

ತೊಂಬತ್ತೈದರ ದೀಪಾವಳಿ ಅಮಾವಾಸ್ಯೆಯ ಬೆಳಗ್ಗೆ ಸೂರ್ಯಗ್ರಹಣ ಬಂತು. ಹಬ್ಬಕ್ಕೆಂದು ಇಬ್ಬರೂ ನಂಜೇಶನ ಊರು ದೇವನೂರಿನ ಮನೆಯಲ್ಲಿದ್ದರು. ಮಂಗಳಳಿಗೆ ಆಗ ಏಳು ತಿಂಗಳು. ಅತ್ತೆ ಮಲ್ಲಾಜಮ್ಮ ಹಿಂದಿನ ದಿನವೇ ಒಳಕೋಣೆಯ ಕಿಟಕಿಗೆ ಕಂಬಳಿ ಹೊಡೆಸಿ, ನೀರಿನ ಗಡಿಗೆಗೆ ಗರಿಕೆ ಹಾಕಿ, ಗ್ರಹಣ ಬಿಡುವ ತನಕ ಸೊಸೆ ಅಲುಗಾಡದೆ ಕತ್ತಲಲ್ಲಿ ಮಲಗಿರಬೇಕೆಂದು ಕಟ್ಟಪ್ಪಣೆ ಮಾಡಿದ್ದಳು. ಬಸುರಿಯರ ವಿಷಯದಲ್ಲಿ ಊರಿಗೆ ಊರೇ ಹಾಗೆ ನಡೆದುಕೊಳ್ಳುತ್ತಿತ್ತು. ಆ ಬೆಳಗ್ಗೆ ಬೀದಿಯಲ್ಲಿ ನಾಯಿಗಳನ್ನು ಬಿಟ್ಟರೆ ಯಾರೂ ಇರಲಿಲ್ಲ.

ನಂಜೇಶ್ ಕೋಣೆಯ ಬಾಗಿಲು ತೆಗೆದ.

"ಚಂದ್ರ ಅಡ್ಡ ಬಂದವ್ನೆ ಕಣವ್ವಾ, ಅವನ ನೆರಳು ನಮ್ಮ ಮೇಲೆ ಬಿದ್ದದೆ, ಅಷ್ಟೇಯ. ನೆರಳು ಯಾರಿಗೆ ಏನ್ ಮಾಡ್ತದೆ?"

"ನಿನ್ ಓದ ನಿನ್ ಇಸ್ಕೂಲ್ಗೆ ಮಡಿಕೊ ಕಣ್ಲಾ. ಒಟ್ಟೆ ಒಳಗಿರದು ನನ್ ಮೊಮ್ಮಗ," ಎಂದು ಮಲ್ಲಾಜಮ್ಮ ಅಡ್ಡ ನಿಂತಳು.

ಅವನು ಕೇಳಬೇಕಲ್ಲ. ಹೆಂಡತಿಯನ್ನು ಅಂಗಳಕ್ಕೆ ಕರೆತಂದು, ಮೇಲಕ್ಕೆ ಮಾತ್ರ ನೋಡಬೇಡವೆಂದು ಎಚ್ಚರಿಸಿ, ರಾಗಿ ಜರಡಿಯನ್ನು ಎಳೆಬಿಸಿಲಿಗೆ ಅಡ್ಡ ಹಿಡಿದ. ಜರಡಿಯ ತೂತು ತೂತಿಗೂ ಒಂದೊಂದು ಪುಟ್ಟ ಸೂರ್ಯ, ಎಲ್ಲವೂ ಕುಡುಗೋಲಿನ ಹಾಗೆ ಬಾಗಿದ್ದವು. ನೆಲದ ಮೇಲೆ, ಅವಳ ಸೆರಗಿನ ಮೇಲೆ, ಉಬ್ಬಿದ ಹೊಟ್ಟೆಯ ಮೇಲೆಲ್ಲ ಬಿದ್ದವು. ಮಂಗಳ ಕೈಗೆ ಒಂದನ್ನು ಹಿಡಿಯಲು ಹೋಗಿ ಜೋರಾಗಿ ನಕ್ಕಳು. ಹೊಟ್ಟೆಯೊಳಗಿನದೂ ಒದೆಯಿತು. ಜೀವಮಾನದಲ್ಲಿ ಅಷ್ಟು ಸಂತೋಷ ಅವಳು ಕಂಡಿರಲಿಲ್ಲ. ಹೊಸ್ತಿಲ ಮೇಲೆ ನಿಂತ ಮಲ್ಲಾಜಮ್ಮ ಆ ನಗುವನ್ನು ನೋಡಿದಳು.

ಕೆಲವು ವಾರ ಕಳೆದ ಮೇಲೆ ಒದೆತ ನಿಂತುಹೋಯಿತು. ನಂಜನಗೂಡಿನ ಆಸ್ಪತ್ರೆಯಲ್ಲಿ ಹುಟ್ಟಿದ ಗಂಡುಮಗು ಅಳಲಿಲ್ಲ. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು, ಯಾರ ಕೈಯಲ್ಲೂ ಏನೂ ಇರಲಿಲ್ಲ ಎಂದರು ಡಾಕ್ಟರು. ಹೊಲದ ಬದುವಿನಲ್ಲಿ ಗುಂಡಿ ತೋಡಿ ನಂಜೇಶನೇ ಮಣ್ಣು ಹಾಕಿ ಬಂದ.

"ಒಟ್ಟೆ ಮ್ಯಾಲೆ ಕುಡ್ಲು ಬಿದ್ದಿದ್ದ ಕಣ್ಣಾರೆ ಕಂಡೆ. ನಗ್ತಾ ನಿಂತಿದ್ಲು ಕಣ್ರವ್ವಾ," ಎಂದು ಮಲ್ಲಾಜಮ್ಮ ಬಂದವರ ಮುಂದೆಲ್ಲ ಅತ್ತಳು. ಮೊಮ್ಮಗನನ್ನು ಕಳೆದುಕೊಂಡ ಮುದುಕಿಯ ಬಾಯಿ ಹಿಡಿಯುವವರು ಯಾರು? ಆ ಮಾತು ಮನೆಮನೆ ಸುತ್ತಿತು. ಮದುವೆ ಮನೆಗಳಲ್ಲಿ ಮಂಗಳ ಬಂದು ಕೂತರೆ, ಪಕ್ಕದಲ್ಲಿದ್ದ ಬಸುರಿಯನ್ನು ಮೆಲ್ಲಗೆ ಎಬ್ಬಿಸಿಕೊಂಡು ಹೋಗುತ್ತಿದ್ದರು.

ಅವಳು ಅತ್ತಾಗಲೆಲ್ಲ ನಂಜೇಶ್ ಒಂದೇ ಮಾತು ಹೇಳುತ್ತಿದ್ದ: "ಅದು ನೆರಳು ಕಣೇ. ನೆರಳು ಮಗೂನ ಮುಟ್ಟಕಿಲ್ಲ. ನೀನೇನೂ ಮಾಡಿಲ್ಲ." ಊರೆಲ್ಲ ಒಂದು ಕಡೆ, ಈ ಮಾತು ಒಂದು ಕಡೆ. ಅವಳು ಎದ್ದು ಒಲೆ ಹಚ್ಚುತ್ತಿದ್ದುದು, ಉಂಡು ಮಲಗುತ್ತಿದ್ದುದು ಆ ಮಾತಿನ ಬಲದಿಂದಲೇ. ಅವನು ಹೊಳೆದಂಡೆಗೆ ಕರೆದೊಯ್ಯುವುದನ್ನು ಬಿಟ್ಟಿದ್ದ. ದುಃಖಕ್ಕೆ ಬಿಟ್ಟಿರಬೇಕು ಎಂದುಕೊಂಡಳು.

ತೊಂಬತ್ತೊಂಬತ್ತರಲ್ಲಿ ಮತ್ತೆ ಬಸುರಾದಳು. ಐದನೇ ತಿಂಗಳಿನಲ್ಲಿ, ಭೀಮನ ಅಮಾವಾಸ್ಯೆಯ ಸಂಜೆಗೇ ಗ್ರಹಣ ಬೀಳಬೇಕೆ! ಬೆಳಗ್ಗೆ ಗಂಡನ ಪಾದ ತೊಳೆದು, ಹೂವಿಟ್ಟು, ಕೈಗೆ ಅರಿಶಿನದ ದಾರ ಕಟ್ಟಿದಳು. ಬಾಣಂತನದ ತನಕ ಇರುತ್ತೇನೆಂದು ನರಸೀಪುರದ ಮನೆಗೆ ಬಂದಿದ್ದ ಮಲ್ಲಾಜಮ್ಮ ಮಧ್ಯಾಹ್ನದಿಂದಲೇ ಕಂಬಳಿ ಹಿಡಿದು ಓಡಾಡುತ್ತಿದ್ದಳು.

"ಅವರು ಬರಲಿ ಇರಿ ಅತ್ತೆ. ಅವರು ಹೇಳ್ದಂಗೆ ಮಾಡಾನ," ಎಂದು ಮಂಗಳ ಪಡುವಣ ಕಿಟಕಿಯ ಎದುರಿಗೇ ಕಾಲು ಚಾಚಿ ಕೂತಳು. ಹೊರಗೆ ಹೋಗುವ ಆಸೆ ಅವಳಿಗಿರಲಿಲ್ಲ. ಕಿಟಕಿ ತೆರೆದಿದ್ದರೆ ಸಾಕಿತ್ತು. ಅದು ತೆರೆದಿದ್ದರೆ, ಅವತ್ತು ತಾನು ತಪ್ಪು ಮಾಡಿಲ್ಲವೆಂದು ಅತ್ತೆಯ ಎದುರಿಗೇ ತೀರ್ಮಾನವಾದಂತೆ.

ನಂಜೇಶ್ ಸ್ಕೂಲಿನಿಂದ ಬೇಗ ಬಂದ.

"ನೋಡ್ರಿ, ನಿಮ್ಮವ್ವ ಕಿಟಕಿ ಮುಚ್ಚಬೇಕಂತೆ," ಎಂದು ಅವಳು ನಕ್ಕಳು.

ಅವನು ಅವಳ ಮುಖ ನೋಡಲಿಲ್ಲ. ಅವ್ವನ ಕೈಯಿಂದ ಕಂಬಳಿ ತೆಗೆದುಕೊಂಡ. ಜೇಬಿನಿಂದ ಮೊಳೆಗಳನ್ನು ತೆಗೆದ. ದಾರಿಯಲ್ಲೇ ಕೊಂಡು ತಂದಿದ್ದ. ಮೂಲೆಮೂಲೆಗೂ ಹೊಡೆದ. ಮಲ್ಲಾಜಮ್ಮನೇ ಬೆಪ್ಪಾಗಿ ನಿಂತು, ಆಮೇಲೆ ಅಡುಗೆಮನೆಗೆ ಹೋದಳು.

ಕೋಣೆ ಕತ್ತಲಾಯಿತು. ಕಂಬಳಿಯಲ್ಲಿ ಹುಳ ತಿಂದ ಒಂದು ತೂತಿತ್ತು. ಅದರಿಂದ ಒಳಬಂದ ಬೆಳಕು ಎದುರು ಗೋಡೆಯ ಮೇಲೆ ಬಿತ್ತು. ಬಾಗಿದ ಪುಟ್ಟ ಸೂರ್ಯ, ಅವತ್ತಿನಂಥದೇ.

"ಅಲ್ ನೋಡ್ರಿ..." ಎಂದು ಮಂಗಳ ತನ್ನನ್ನು ಮರೆತು ಕೈ ತೋರಿಸಿದಳು.

ನಂಜೇಶ್ ಹಾರಿಬಿದ್ದವನಂತೆ ಹೋಗಿ ಆ ತೂತಿಗೆ ಅಂಗೈ ಒತ್ತಿ ಹಿಡಿದ. ಅರಿಶಿನದ ದಾರ ಕಟ್ಟಿದ ಕೈಯೇ ಅದು.

"ನೆರಳು ಅಂತಿದ್ರಿ," ಎಂದಳು.

ಅವನು ಅಂಗೈಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿದ.

"ಯಾವತ್ತಿಂದ?"

"ಮಣ್ಣು ಹಾಕಿದ್ನಲ್ಲ... ಅವತ್ತಿಂದ. ಕರ್ಕೊಂಡೋದವ್ನು ನಾನು ಕಣೇ. ಜರಡಿ ಹಿಡ್ದವ್ನು ನಾನು."

"ಮತ್ತೆ ಇಷ್ಟು ವರ್ಷ ನನಗೆ ಹೇಳ್ತಿದ್ದದ್ದು?"

"ನೀನು ಬದುಕಬೇಕಿತ್ತಲ್ಲ, ಮಂಗಳಾ."

ಅವಳು ಹೊಟ್ಟೆಯನ್ನು ಎರಡೂ ಕೈಯಲ್ಲಿ ಬಳಸಿ ಕೂತಳು. ಚುಕ್ಕಿ ಯಾವತ್ತೋ ಆರಿಹೋಗಿತ್ತು. ಅವಳು ಇಷ್ಟು ವರ್ಷ ಕಾಯಿಸಿಕೊಂಡದ್ದು ಅದರ ಹಳೇ ಬೆಳಕನ್ನು. ಆ ಕತ್ತಲಲ್ಲಿ ಅವಳಿಗೆ ಅವತ್ತಿನ ತನ್ನ ನಗು ಕೇಳಿಸಿತು, ಅತ್ತೆಗೆ ಕೇಳಿಸಿದ ಹಾಗೆಯೇ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಗ್ರಹಣ ಬಿಡುವ ಮೊದಲೇ ಹೊರಗೆ ಸೂರ್ಯ ಮುಳುಗಿದ. ಆಮೇಲೂ ನಂಜೇಶ್ ಕೈ ತೆಗೆಯಲಿಲ್ಲ.