ತಪ್ಪು ಓದುವ ಸಭೆ

ನಮ್ಮ ಸಂಘದ ವಾರ್ಷಿಕ ಸಭೆ ಶುರುವಾಗುವುದು ಭಾಷಣದಿಂದಲ್ಲ, ತಪ್ಪುಗಳಿಂದ. ಆ ವರ್ಷ ಕಚೇರಿಯಲ್ಲಿ ಯಾರು ಯಾವ ತಪ್ಪು ಮಾಡಿದರೋ ಅವರೇ ಅದನ್ನು ತಪ್ಪಿನ ಪುಸ್ತಕದಲ್ಲಿ ಬರೆದು, ಸಭೆಯಲ್ಲಿ ಎದ್ದು ನಿಂತು ಓದಬೇಕು. ಹಾಡು ಬರೆದವರು, ರಾಗ ಹಾಕಿದವರು ಸೇರಿ ಕಟ್ಟಿಕೊಂಡ ಸಂಘ ಇದು. ರೇಡಿಯೊ, ಹೋಟೆಲು, ಬಸ್ಸು, ಅಂಗಡಿ, ಎಲ್ಲೆಲ್ಲಿ ಅವರ ಹಾಡು ಕೇಳಿಸುತ್ತದೋ ಅಲ್ಲೆಲ್ಲ ನಾವು ಶುಲ್ಕ ವಸೂಲಿ ಮಾಡಿ, ಖರ್ಚು ಕಳೆದು, ಅವರವರ ಪಾಲು ಅವರಿಗೆ ಮುಟ್ಟಿಸುತ್ತೇವೆ. ಇನ್ನೊಬ್ಬರ ಪಾಲು ಹಂಚುವವರು ತಮ್ಮ ತಪ್ಪನ್ನು ತಮ್ಮ ಬಾಯಿಂದಲೇ ಹೇಳಲಿ ಎಂದು ಸಂಘ ಕಟ್ಟಿದ ಹಿರಿಯರು ನಿಯಮ ಮಾಡಿಟ್ಟರು.

ಹತ್ತು ವರ್ಷದ ನೌಕರಿಯಲ್ಲಿ ನಾನು ಓದಿದ್ದು ನಾಲ್ಕು ತಪ್ಪು. ಸದಸ್ಯರೊಬ್ಬರ ಪತ್ರವನ್ನು ಅವರ ಮಾಜಿ ಹೆಂಡತಿಯ ವಿಳಾಸಕ್ಕೆ ಕಳಿಸಿದ್ದೇ ಅವುಗಳಲ್ಲಿ ದೊಡ್ಡದು. ಆವತ್ತು ಇಡೀ ಸಭೆ ನಕ್ಕಿತ್ತು. ನಾನು ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಐದನೆಯದು ನಗುವಂಥದ್ದಲ್ಲ.

ಸಭೆಗೆ ಒಂಬತ್ತು ದಿನ ಇರುವಾಗ ತಮ್ಮನನ್ನು ರೈಲು ಹತ್ತಿಸಲು ಹೋಗಿದ್ದೆ. ಅವನು ಲೇತ್ ಕೆಲಸದವನು. ಹಳೆಯ ಯಂತ್ರವೊಂದನ್ನು ನೋಡಿ ಬರಲು ಹೊರಟಿದ್ದ. ಗಾಡಿ ಬರುವ ಮೊದಲು ಪ್ಲಾಟ್‌ಫಾರ್ಮಿನ ಸ್ಪೀಕರಿನಲ್ಲಿ ಹಾಡು ಶುರುವಾಯಿತು. ಅಲ್ಲಿ ಪ್ರತಿ ಗಾಡಿಗೂ ಅದೊಂದೇ ಹಾಡು. ಅದು ನನಗೆ ಗೊತ್ತಿತ್ತು. ಅಂದರೆ, ಅದರ ನಂಬರು ಗೊತ್ತಿತ್ತು. ನಿಲ್ದಾಣದವರು ತಿಂಗಳಿಗೊಮ್ಮೆ ಕಳಿಸುವ ಪಟ್ಟಿಯಲ್ಲಿ ಅದರ ಮುಂದೆ ‘ವಾದ್ಯ ಮಾತ್ರ’ ಎಂದಿರುತ್ತಿತ್ತು. ಮಾತಿಲ್ಲದೆ ನುಡಿಸಿದರೆ ಪಾಲೆಲ್ಲ ರಾಗ ಹಾಕಿದವರಿಗೆ, ಬರೆದವರಿಗೆ ಏನೂ ಇಲ್ಲ. ಅದು ನಮ್ಮಲ್ಲಿನ ನಿಯಮ. ಆರು ವರ್ಷದಿಂದ ಆ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುತ್ತಿದ್ದವಳು ನಾನೇ.

ಕೊಳಲು ನಿಂತಿತು. ಹೆಣ್ಣು ದನಿಯೊಂದು, ‘ಹೊರಟವರ ಹೆಗಲ ಚೀಲ ಹಗುರಾಗಲಿ’ ಎಂದು ಹಾಡತೊಡಗಿತು.

“ಇದರಲ್ಲಿ ಮಾತಿದೆ ಕಣೋ” ಅಂದೆ.

“ಹಾಡಂದ್ಮೇಲೆ ಮಾತಿರಲ್ವಾ ಅಕ್ಕ? ಇದೇನು ಹೊಸ ಸುದ್ದಿ?”

“ಆರು ವರ್ಷದಿಂದ ಇಲ್ಲ ಅಂತ ಬರೀತಿದೀನಿ.”

ಅವನು ಬ್ಯಾಗು ಕೆಳಗಿಟ್ಟು ನನ್ನ ಮುಖ ನೋಡಿದ. “ಹಾಡಿನ ಆಫೀಸಲ್ಲಿ ಕೂತು ಹಾಡೇ ಕೇಳಲ್ವಾ ನೀವು? ನಾನು ಕಬ್ಬಿಣ ಮುಟ್ಟದೇ ಬೋಲ್ಟ್ ಕಡಿದ ಹಾಗಾಯ್ತು!”

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ನಾವು ಪಟ್ಟಿ ಓದುತ್ತೇವೆ, ಹಾಡು ಕೇಳುವುದಿಲ್ಲ. ವರ್ಷಕ್ಕೊಮ್ಮೆ ಸ್ಥಳಕ್ಕೆ ಹೋಗಿ ಕೇಳಿ ಬರಬೇಕೆಂದು ನಿಯಮವೇನೋ ಇದೆ. ಆರು ವರ್ಷವೂ ನಾನು ಹೋಗದೆಯೇ ‘ಪರಿಶೀಲಿಸಿದೆ’ ಎಂದು ಸಹಿ ಹಾಕಿದ್ದೆ. ಎಲ್ಲರೂ ಹಾಗೇ ಹಾಕುತ್ತಿದ್ದರು ಎಂಬುದು ನೆವ ಅಷ್ಟೇ.

ಒಂದು ಸಲ ಕೇಳಿದ್ದನ್ನು ನಂಬುವ ಧೈರ್ಯ ನನಗಿಲ್ಲ. ಇನ್ನೆರಡು ಬೆಳಿಗ್ಗೆ ಹೋಗಿ ಗಂಟೆ, ನಿಮಿಷ ಬರೆದುಕೊಂಡೆ. ನಿಲ್ದಾಣದ ಗುಮಾಸ್ತರು, “ಮೊದಲ ತಿಂಗಳು ವಾದ್ಯದ್ದೇ ಹಾಕಿದ್ವಿ. ಆಮೇಲೆಲ್ಲ ಹಾಡಿದ್ದೇ. ಪಟ್ಟಿ ಮಾತ್ರ ಹಳೇದನ್ನೇ ನಕಲು ಮಾಡ್ತಿದ್ವಿ ನೋಡಿ” ಎಂದು ತಲೆ ಕೆರೆದುಕೊಂಡು, ಅದನ್ನೇ ಕಾಗದದಲ್ಲಿ ಬರೆದುಕೊಟ್ಟರು.

ಆ ಹಾಡು ಬರೆದವರನ್ನು ನಾವೆಲ್ಲ ಟೈಲರಮ್ಮ ಎನ್ನುತ್ತೇವೆ. ಒಂದೇ ಮಿಷನ್ನಿನ ಅಂಗಡಿ ಅವರದು. ವರ್ಷದ ಪಾಲು ಇಂತಿಷ್ಟು ದಾಟಿದವರು ಮಾತ್ರ ನಮ್ಮಲ್ಲಿ ಪೂರ್ಣ ಸದಸ್ಯರು. ಉಳಿದವರು ಸಹ ಸದಸ್ಯರು. ಅವರು ಸಭೆಗೆ ಬರಬಹುದು, ಮತ ಹಾಕುವಂತಿಲ್ಲ. ಟೈಲರಮ್ಮ ಪ್ರತಿ ವರ್ಷ ಬಂದು ಹಿಂದಿನ ಸಾಲಿನಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದರು. “ನನ್ನ ಹಾಡು ಯಾರು ಹಾಕ್ತಾರೆ ಬಿಡಮ್ಮ” ಎಂದು ಅವರೇ ನನಗೆ ಹೇಳಿದ್ದುಂಟು. ಈ ಸಲದ ಕಾರ್ಯಸೂಚಿಯಲ್ಲಿ ಏಳನೆಯ ವಿಷಯ: ಖರ್ಚು ಉಳಿಸಲು ಸಹ ಸದಸ್ಯರನ್ನು ಸಂಘದಿಂದ ಕೈಬಿಡುವುದು.

ಮ್ಯಾನೇಜರು ನನ್ನ ಕಾಗದಗಳನ್ನು ಓದಿ ಕನ್ನಡಕ ತೆಗೆದರು. “ಸಭೆ ಮುಗೀಲಿ. ಆಮೇಲೆ ಸದ್ದಿಲ್ಲದೆ ಸರಿ ಮಾಡೋಣ.”

“ಆಮೇಲೆ ಅವರು ಸಂಘದಲ್ಲೇ ಇರಲ್ಲ ಸರ್.”

“ರಾಗ ಯಾರದು, ನೆನಪಿದೆಯಾ?”

ನೆನಪಿತ್ತು. ರಾಗ ನಮ್ಮ ಅಧ್ಯಕ್ಷರದು. ಟೈಲರಮ್ಮನ ಪಾಲು ಆರು ವರ್ಷ ಹೋಗಿದ್ದು ಅವರ ಖಾತೆಗೆ.

“ನಿನ್ನ ನೌಕರಿಗೆ ಕುತ್ತು ಬಂದ್ರೆ ನಾನು ಅಡ್ಡ ಬರೋಕಾಗಲ್ಲಮ್ಮ” ಎಂದು ತಪ್ಪಿನ ಪುಸ್ತಕವನ್ನು ನನ್ನ ಕಡೆ ಸರಿಸಿದರು. “ಬರೀಬೇಡ ಅನ್ನೋ ಅಧಿಕಾರವೂ ನನಗಿಲ್ಲ.”

ಸಂಜೆ ಕಾಲೇಜಿನಲ್ಲಿ ಓದಿ ಬಂದವಳು ನಾನು, ಒಂದೇ ಓದಿಗೆ ಅರ್ಥವಾಯಿತೆಂದು ನಂಬುವವಳಲ್ಲ. ಬರೆಯುವ ಮುಂಚೆ ನಿಯಮಾವಳಿಯನ್ನು ಮೂರು ಸಲ ಓದಿದೆ.

ಸಭೆಯ ದಿನ ನನ್ನ ಸರದಿ ಬಂದಾಗ ಪುಸ್ತಕವನ್ನು ಮೇಜಿನ ಮೇಲೆ ಇಟ್ಟುಕೊಂಡು ಓದಿದೆ. ಸಹಿಯ ವಿಷಯವನ್ನೂ ಓದಿದೆ. ಯಾರೂ ನಗಲಿಲ್ಲ.

“ಆರು ವರ್ಷ ಕಿವಿ ಎಲ್ಲಿಟ್ಟಿದ್ದೆ ತಾಯಿ?” ಅಂದರು ಅಧ್ಯಕ್ಷರು.

“ಪಟ್ಟಿ ಮೇಲಿಟ್ಟಿದ್ದೆ ಸರ್.”

ತಬಲಾದವರೊಬ್ಬರು ಮಧ್ಯದ ಸಾಲಿನಿಂದ ಕೂಗಿದರು: “ಅಧ್ಯಕ್ಷರೇ, ರಾಗನೂ ನಿಮ್ಮದು, ಕುರ್ಚಿನೂ ನಿಮ್ಮದು! ವಿಚಾರಣೆನೂ ನೀವೇ ಮಾಡ್ತೀರಾ?”

ಅಧ್ಯಕ್ಷರ ಕಿವಿ ಕೆಂಪಾಯಿತು. ಆದರೆ ಎದ್ದರು. “ನನ್ನ ಪಾಲಿನ ಮಾತು ಬಂದಾಗ ನಾನಿಲ್ಲಿ ಇರಬಾರದು. ನಿಯಮ ಹಾಗೇ ಇದೆ” ಎಂದು ಉದ್ದದ ಹಾಲನ್ನು ದಾಟಿ ಹೋಗಿ, ಹೊರಗಿನಿಂದ ತಾವೇ ಬಾಗಿಲು ಎಳೆದುಕೊಂಡರು. ಆ ಕ್ಷಣ ಈ ಸಂಘದಲ್ಲಿ ಕೆಲಸ ಮಾಡುವವಳು ನಾನು ಎಂದು ನನ್ನ ಎದೆ ಉಬ್ಬಿತು.

ಉಪಾಧ್ಯಕ್ಷೆ ಸಭೆ ನಡೆಸಿದರು. ಲೆಕ್ಕ ಪರಿಶೋಧಕರು ನಿಲ್ದಾಣದ ಕಾಗದ ನೋಡಿದರು, ನನ್ನ ಟಿಪ್ಪಣಿ ನೋಡಿದರು, ನನ್ನನ್ನು ಹನ್ನೊಂದು ಪ್ರಶ್ನೆ ಕೇಳಿದರು. ಟೈಲರಮ್ಮನ ಪಾಲು ಸೇರಿಸಿದರೆ ಅವರು ಆರು ವರ್ಷದ ಹಿಂದೆಯೇ ಪೂರ್ಣ ಸದಸ್ಯರಾಗಬೇಕಿತ್ತು ಎಂದರು.

“ಇವರಿಗೆ ಕೊಟ್ರೆ ನಾಳೆ ಎಲ್ಲರೂ ಬಂದು ಬಾಗಿಲು ತಟ್ತಾರೆ” ಎಂದರು ಒಬ್ಬರು.

“ತಟ್ಟಲಿ ಬಿಡಿ. ನಾವೇನು ಬಾಗಿಲು ಇಟ್ಕೊಂಡಿರೋದು ಚಂದಕ್ಕಾ?” ಎಂದು ಉಪಾಧ್ಯಕ್ಷೆ ಕೈ ಎತ್ತಿಸಿದರು. ಪರ ನೂರಮೂವತ್ತೊಂದು, ವಿರೋಧ ನಲವತ್ತು. ಟೈಲರಮ್ಮ ಆಗಿಂದಲೇ ಮತವಿರುವ ಪೂರ್ಣ ಸದಸ್ಯರು.

ಅಧ್ಯಕ್ಷರು ಒಳಗೆ ಬಂದರು. ಫಲಿತಾಂಶ ಕೇಳಿ, ತಮಗೆ ಹೆಚ್ಚಾಗಿ ಬಂದದ್ದನ್ನು ಮುಂದಿನ ಪಾಲಿನಲ್ಲಿ ಮುರಿದುಕೊಳ್ಳಿ ಎಂದರು. ದನಿ ಗಡುಸಾಗಿಯೇ ಇತ್ತು.

ಏಳನೆಯ ವಿಷಯ ಬಂದಾಗ ಟೈಲರಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿ ಎದ್ದು ನಿಂತರು. “ಅರ್ಧ ಗಂಟೆ ಹಿಂದೆ ನಾನೂ ಹೊರಗೆ ಹೋಗೋರ ಪಟ್ಟಿಲಿದ್ದೆ. ಆಗ ಬೇಡವಾಗಿದ್ದವಳು ಈಗ ಬೇಕಾದೆ. ಇಲ್ಲಿರೋರಲ್ಲಿ ಇನ್ನೆಷ್ಟು ಜನರ ಹಾಡು ಸರಿಯಾಗಿ ಕೇಳ್ಕೊಂಡಿದೀರಿ ಅಂತ ನಿಮಗೇನು ಗೊತ್ತು? ಮೊದಲು ಕೇಳಿ. ಆಮೇಲೆ ತೆಗೀರಿ.” ಕೂರುವ ಮುಂಚೆ, ಕೈ ಎಣಿಸಲು ಹಿಂದಿನ ಸಾಲಿಗೆ ಬಂದಿದ್ದ ನನ್ನ ಕಡೆ ಬಗ್ಗಿ, “ಕೈ ಯಾವುದು ಎತ್ತಬೇಕಮ್ಮ, ಎಡನಾ ಬಲನಾ?” ಎಂದು ಪಿಸುಗುಟ್ಟಿದರು.

“ಯಾವುದಾದ್ರೂ ಆಗುತ್ತೆ.”

ಅವರು ಬಲಗೈ ಎತ್ತಿದರು. ಎಣಿಸಿದ್ದು ನಾನೇ, ಎರಡು ಸಲ ಎಣಿಸಿದೆ. ಕೈಬಿಡಬೇಕೆಂದವರು ಎಪ್ಪತ್ತೊಂಬತ್ತು, ಬೇಡವೆಂದವರು ತೊಂಬತ್ತಮೂರು. ಸಹ ಸದಸ್ಯರು ಉಳಿದರು.

ನನಗೆ ಎಚ್ಚರಿಕೆಯ ಪತ್ರ ಸಿಕ್ಕಿತು, ನೌಕರಿ ಉಳಿಯಿತು. ‘ವಾದ್ಯ ಮಾತ್ರ’ ಎಂದಿರುವ ಅಷ್ಟೂ ಕಡೆಗೆ ಹೋಗಿ ಕೇಳಿ ಬರುವ ಕೆಲಸವನ್ನೂ ನನಗೇ ಹಚ್ಚಿದರು. ಅದನ್ನು ಶಿಕ್ಷೆ ಎಂದು ಕೊಟ್ಟರೋ ನಂಬಿ ಕೊಟ್ಟರೋ ತಿಳಿಯದು. ನಾನಂತೂ ತಲೆ ಎತ್ತಿಕೊಂಡೇ ಒಪ್ಪಿಕೊಂಡೆ.

ಎಲ್ಲರೂ ಹೊರಟ ಮೇಲೆ ಟೈಲರಮ್ಮ ನನ್ನ ಮೇಜಿನ ಹತ್ತಿರ ಬಂದರು. ಬೈಯುತ್ತಾರೆಂದು ನಾನು ಎದ್ದು ನಿಂತೆ. ಬೈಯಲೂ ಅವರಿಗೆ ಹಕ್ಕಿತ್ತು.

“ಮೂರು ಬೆಳಿಗ್ಗೆ ನಿಂತು ಕೇಳಿದೀಯಲ್ಲ” ಎಂದರು. “ಹೇಗಿದೆ ಹಾಡು? ಅದನ್ನ ಯಾರೂ ಹೇಳಲೇ ಇಲ್ಲ ನನಗೆ.”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ತುಂಬ ಚೆನ್ನಾಗಿದೆ ಅಮ್ಮ. ಎರಡನೇ ಚರಣ ಮಾತ್ರ ಸ್ವಲ್ಪ ಉದ್ದ ಆಯ್ತು.”

ಅವರ ಮುಖ ಅರಳಿತು. “ಹೂಂ ಕಣೆ! ನಂಗೂ ಹಾಗೇ ಅನ್ಸಿತ್ತು” ಎಂದು ಕುರ್ಚಿ ಎಳೆದುಕೊಂಡು ಕೂತರು.