ತಣ್ಣಪ್ಪನ ಸಂತತಿ

"ಇನ್ನೊಂದ್ಸಲ ಎಳೀರಿ!" ಎಂದು ಗೋದಾಮಿನ ಯಜಮಾನರು ಕೂಗಿದರು. ಅಳಿಯ ಗೋಡೆಗೆ ಕಾಲು ಕೊಟ್ಟು ಹಿಡಿಯನ್ನು ಜಗ್ಗಿದ. ಮುದುಕ ಹಮಾಲಿ ಬಾಗಿಲಿನ ಅಂಚಿಗೆ ಬಿಸಿನೀರು ಸುರಿದ. ಶೀತಲಕೋಣೆಯ ಬಾಗಿಲು ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಬದುಕಿದ್ದಾಗ್ಲೂ ಹಿಂಗೇ. ಒಳಗೆ ಹೋದ್ರೆ ಹೊರಗೆ ಬರೋ ಮನಸ್ಸೇ ಇರ್ತಿರ್ಲಿಲ್ಲ," ಎಂದಳು ಸತ್ತವನ ಹೆಂಡತಿ. ಆಕೆಯ ಕಣ್ಣು ಊದಿಕೊಂಡಿದ್ದರೂ ನಾಲಿಗೆ ಮಾತ್ರ ಎಂದಿನಂತೆ ಚುರುಕಾಗಿಯೇ ಇತ್ತು.

ಸತ್ತವನನ್ನು ಊರೆಲ್ಲ ತಣ್ಣಪ್ಪ ಎಂದು ಕರೆಯುತ್ತಿತ್ತು. ಮೀನು ಮಾಂಸ ಇಡುವ ಈ ಗೋದಾಮಿನ ಹೆಪ್ಪುಗಟ್ಟಿದ ಕೋಣೆಯಲ್ಲಿ ಪೆಟ್ಟಿಗೆ ಜೋಡಿಸುತ್ತಲೇ ಅವನ ಆಯುಷ್ಯ ಕಳೆದಿತ್ತು. ಮೊನ್ನೆ ತೀರಿಕೊಂಡಾಗ, ದೂರದಲ್ಲಿದ್ದ ತಮ್ಮ ಬರುವವರೆಗೆ ಹೆಣ ಇಡಲು ಆಸ್ಪತ್ರೆಯಲ್ಲಿ ಜಾಗವಿರಲಿಲ್ಲ. "ನಮ್ಮಲ್ಲೇ ಇಡಿ, ಕೋಣೆ ಹೇಗೂ ಖಾಲಿ," ಎಂದಿದ್ದರು ಯಜಮಾನರು. ಗೋದಾಮು ಮಾರಾಟವಾಗಿತ್ತು. ಇವತ್ತು ಹೆಣ ಹೊರಬಿದ್ದ ಕೂಡಲೇ ಯಂತ್ರ ನಿಲ್ಲಿಸುವುದೆಂದು ತೀರ್ಮಾನವಾಗಿತ್ತು.

ಹೆಂಡತಿಗಿದ್ದದ್ದು ಒಂದೇ ಆಸೆ. ಮಣ್ಣಿಗೆ ಕೊಡುವ ಮುಂಚೆ ಗಂಡನನ್ನು ಸ್ವಲ್ಪ ಹೊತ್ತಾದರೂ ಮನೆಯಲ್ಲಿ ಮಲಗಿಸಿಕೊಳ್ಳಬೇಕು.

ಮಗಳು ಗೋಡೆಗೆ ಒರಗಿ ನಿಂತಿದ್ದಳು. ತುಂಬಿದ ಬಸುರಿ. ಅಪ್ಪ ಹೋದ ಬೆಳಗಿನಿಂದ ಹೊಟ್ಟೆಯೊಳಗಿನ ಕೂಸು ಮಿಸುಕಿರಲಿಲ್ಲ. ಇವತ್ತು ಬೆಳಗ್ಗೆ ನರ್ಸು ಕಿವಿಗೊಟ್ಟು ಕೇಳಿ, "ಬಡಿತ ಇದೆ, ಆದ್ರೆ ತುಂಬಾ ಮೆಲ್ಲಗೆ. ಈಗಲೇ ಆಸ್ಪತ್ರೆಗೆ ಸೇರ್ಕೊ," ಎಂದಿದ್ದಳು. "ಅಪ್ಪನ್ನ ಕಳಿಸಿ ಬರ್ತೀನಿ," ಎಂದು ಇವಳು ಹಟ ಹಿಡಿದು ಬಂದಿದ್ದಳು. ಅಮ್ಮನಿಗೆ ಹೇಳಿರಲಿಲ್ಲ. ಒಂದು ಸಾವಿನ ಮೇಲೆ ಇನ್ನೊಂದು ಭಯವನ್ನು ಯಾವ ಬಾಯಲ್ಲಿ ಹೇಳುವುದು?

ಕರಕರ ಸದ್ದು ಮಾಡಿ ಬಾಗಿಲು ಬಿಟ್ಟುಕೊಂಡಿತು. ಬಿಳಿ ಮಂಜು ನೆಲದ ಮೇಲೆ ಹರಿದು ಎಲ್ಲರ ಕಾಲು ಮುಚ್ಚಿತು. ಮೊದಲು ಒಳಗೆ ಹೋದ ಅಳಿಯ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟ.

"ಮಾವನ ಮೇಲೆ ಇಲಿ ಕೂತಿವೆ," ಎಂದ ಸಣ್ಣ ದನಿಯಲ್ಲಿ.

"ಅಯ್ಯೋ, ತಿಂದುಹಾಕಿದ್ವಾ?" ಹೆಂಡತಿ ಎದೆ ಹಿಡಿದುಕೊಂಡಳು.

ತಿಂದಿರಲಿಲ್ಲ. ಹೊದಿಸಿದ ಬಟ್ಟೆಗೆ ಸಣ್ಣ ತೂತು ಕೂಡ ಬಿದ್ದಿರಲಿಲ್ಲ. ಬೂದಿ ಬಣ್ಣದ, ದಪ್ಪ ರೋಮದ, ಮೋಟು ಬಾಲದ ಇಲಿಗಳು ಅವನ ಎರಡೂ ಮಗ್ಗುಲಿಗೆ, ಕತ್ತಿನ ಸಂದಿಗೆ, ಪಾದಗಳ ನಡುವೆ ಒತ್ತಿಕೊಂಡು ಕುಳಿತಿದ್ದವು. ಬೆಚ್ಚಗಿರಲಿ ಎಂದು ಕುಳಿತಿದ್ದವು ಎನ್ನೋಣವೆಂದರೆ ಅವನಲ್ಲಿ ಬಿಸಿ ಎಲ್ಲಿತ್ತು? ಒಂದೂ ಕಿಚಕಿಚ ಎನ್ನಲಿಲ್ಲ. ಎಲ್ಲವೂ ಬಾಗಿಲ ಕಡೆ ನೋಡುತ್ತಿದ್ದವು.

"ಹೆದರ್ಬೇಡಿ, ಇವು ಒಳಗಿನವು," ಎಂದ ಹಮಾಲಿ. "ಹೊರಗಿನ ಕಳ್ಳ ಇಲಿಗಳಲ್ಲ."

*

ಒಳಗಿನವು, ಹೊರಗಿನವು ಎಂಬ ಮಾತು ಗೋದಾಮಿನಲ್ಲಿ ಹುಟ್ಟಿದ್ದು ಇಲಿ ಮೇಡಂ ಬಂದ ವರ್ಷ. ಆಕೆ ಇಲಿಗಳ ವಂಶ ಹುಡುಕುವ ವಿಜ್ಞಾನಿ. ಬೋನುಗಳ ಚೀಲ ಹೊತ್ತು ಬಂದು ಒಂದು ಚಳಿಗಾಲವಿಡೀ ಇಲ್ಲೇ ಠಿಕಾಣಿ ಹೂಡಿದ್ದಳು. ಹೊರಗಿನ ಅಂಗಳದಲ್ಲಿ ಹಿಡಿದ ಇಲಿ, ಕೋಣೆಯೊಳಗೆ ಹಿಡಿದ ಇಲಿ, ಎರಡರ ಬಾಲದ ತುದಿಯನ್ನೂ ಚೂರು ಕತ್ತರಿಸಿ ಸೀಸೆಗೆ ಹಾಕಿಕೊಳ್ಳುತ್ತಿದ್ದಳು.

ಊಟದ ಹೊತ್ತಿನಲ್ಲಿ ತಣ್ಣಪ್ಪನಿಗೆ ಕತೆ ಹೇಳುತ್ತಿದ್ದಳು. "ಮನೆ ಇಲಿಗಳೆಲ್ಲಾ ಒಂದೇ ಬೇರಿಂದ ಬಂದಿದ್ದು ಕಣ್ರೀ. ಮನುಷ್ಯ ಧಾನ್ಯ ಕೂಡಿಡೋಕೆ ಶುರು ಮಾಡ್ದ, ಇವು ಬೆನ್ನಿಗೆ ಬಿದ್ವು. ಗಾಡಿ ಹತ್ತಿದ್ವು, ಹಡಗು ಹತ್ತಿದ್ವು. ಒಂದು ಕವಲು ಆ ಕಡೆ ಹೋಯ್ತು, ಒಂದು ಈ ಕಡೆ. ಬಹಳ ಕಾಲ ಆದ್ಮೇಲೆ ಎಲ್ಲೋ ಒಂದು ಗಡೀಲಿ ಎದುರುಬದುರಾದ್ವು. ನೋಡಿದ್ರೆ ರಕ್ತವೇ ಬೇರೆ ಆಗಿತ್ತು. ಕೂಡಿದ್ರೂ ಹುಟ್ಟಿದ ಗಂಡುಮರಿಗಳಲ್ಲಿ ಎಷ್ಟಕ್ಕೋ ಮರಿ ಹುಟ್ಟಿಸೋ ಶಕ್ತೀನೇ ಇರ್ಲಿಲ್ಲ."

"ಅಣ್ಣತಮ್ಮಂದಿರ ಮಕ್ಕಳೇ ಗುರುತು ಸಿಗದಷ್ಟು?" ಎಂದ ತಣ್ಣಪ್ಪ.

"ಹ್ಞೂಂ. ನಿಮ್ಮ ಕೋಣೇಲಿ ಇರೋವೂ ಅದೇ ದಾರಿ ಹಿಡಿದಿವೆ. ಇವು ಬೇಗ ಬೇಗ ಹೆರ್ತವೆ, ಬೇಗ ಬೇಗ ಸಾಯ್ತವೆ. ನಮ್ಮ ಒಂದು ತಲೆಮಾರು ಕಳೆಯೋದ್ರೊಳಗೆ ಇವಕ್ಕೆ ಒಂದು ಯುಗವೇ ಕಳೆದಿರುತ್ತೆ. ಹೊರಗಿನದನ್ನ ಒಳಗೆ ಬಿಟ್ಟೆ, ಬೆಳಗ್ಗೆಗೆ ಸೆಟೆದುಕೊಂಡಿತ್ತು. ಒಳಗಿನದನ್ನ ಬಿಸಿಲಿಗೆ ತಂದೆ, ಏದುಸಿರು ಬಿಟ್ಟು ಮಲಗ್ತು."

ತಣ್ಣಪ್ಪ ಬುತ್ತಿಯ ಮುಚ್ಚಳ ಹಾಕಿದ. ಆಮೇಲೆ, "ಬೇರೆ ಆಗೋಕೆ ಎಷ್ಟು ತಲೆಮಾರು ಬೇಕು ಮೇಡಂ?" ಎಂದು ಕೇಳಿದ.

"ಇಲಿಗಾ?"

"ಇಲಿಗೇ ಅನ್ಕೊಳ್ಳಿ."

ಆಕೆ ನಕ್ಕಳು. "ಮನುಷ್ಯರಿಗಾದ್ರೆ ಸಾವಿರಾರು ವರ್ಷ ಬೇಕು. ನೀವು ಹೆದರ್ಬೇಡಿ."

ತಣ್ಣಪ್ಪ ನಗಲಿಲ್ಲ. ಆ ರಾತ್ರಿ ಮನೆಯಲ್ಲಿ ಎಂದಿನಂತೆ ಕಿಟಕಿಗಳನ್ನೆಲ್ಲ ತೆರೆದು ಬರೀ ನೆಲದ ಮೇಲೆ ಮಲಗಿದ. "ಐಸ್ ಗಡ್ಡೆ ಜೊತೆ ಸಂಸಾರ ಮಾಡೋ ಕರ್ಮ ನಂದು," ಎಂದು ಹೆಂಡತಿ ಎರಡು ಕಂಬಳಿ ಹೊದ್ದು ಗೋಡೆ ಕಡೆ ತಿರುಗಿದಳು. ಆಗಿನ್ನೂ ಪುಟ್ಟವಳಾಗಿದ್ದ ಮಗಳು ಮಾತ್ರ ಅಮ್ಮನ ಕಂಬಳಿಯಿಂದ ಜಾರಿ ಬಂದು ಅಪ್ಪನ ಪಕ್ಕ ನೆಲಕ್ಕೆ ಕೆನ್ನೆ ಒತ್ತಿ ನಿದ್ದೆ ಹೋದಳು.

*

ಎತ್ತಲು ಕೈ ಹಾಕಿದಾಗ ಇಲಿಗಳು ಒಂದೊಂದಾಗಿ ಇಳಿದು ಗೋಡೆಯ ಬುಡ ಸೇರಿದವು. ಹೆಣ ಹಲಗೆಯಂತೆ ಸೆಟೆದಿತ್ತು. ಅಳಿಯ, ಹಮಾಲಿ, ಯಜಮಾನರು ಸೇರಿ ಗಾಲಿಬಂಡಿಗೆ ಏರಿಸಿದರು. ಮಗಳು ಒಳಗೆ ಬಂದು ಅಪ್ಪನ ತಲೆಯ ಕೆಳಗೆ ಕೈ ಕೊಟ್ಟಳು.

ಆಗ ಕೂಸು ಒದೆಯಿತು.

ಅವಳು ಉಸಿರು ಹಿಡಿದಳು. ಇನ್ನೊಂದು ಒದೆ, ಬಲವಾಗಿ, ಪಕ್ಕೆಗೆ. ಆಮೇಲೆ ಇಡೀ ಮೈ ಹೊರಳಿಸಿದಂತೆ ಒಂದು ಉರುಳಾಟ. ಹೋದ ಜೀವ ಬಂದಂತಾಗಿ ಅವಳಿಗೆ ಅಲ್ಲೇ ಅಳು ಬಂತು. ಅಪ್ಪನಿಗಾಗಿ ಅಳುತ್ತಿದ್ದಾಳೆಂದು ಗಂಡ ಭುಜ ಸವರಿದ.

ಅಂಗಳದಲ್ಲಿ ಬಿಸಿಲು ಸುಡುತ್ತಿತ್ತು. ಹೆಣವನ್ನು ಗಾಡಿಗೆ ಏರಿಸುವಷ್ಟರಲ್ಲಿ ಹೊಟ್ಟೆ ಮತ್ತೆ ಕಲ್ಲಾಯಿತು. ಅವಳು ಒತ್ತಿ ನೋಡಿದಳು, ತಟ್ಟಿ ನೋಡಿದಳು, ಪಿಸುದನಿಯಲ್ಲಿ ಕೂಸನ್ನು ಕರೆದಳು. ಏನೂ ಇಲ್ಲ.

"ಹತ್ತಮ್ಮಾ," ಎಂದಳು ತಾಯಿ. "ಚಿಕ್ಕಪ್ಪ ಮನೇಲಿ ಕಾಯ್ತಿದಾನೆ."

"ನನ್ನ ಶಾಲು ಒಳಗೆ ಬಿಟ್ಟೆ. ಬಂದೆ."

ಶಾಲು ಹೆಗಲ ಮೇಲೇ ಇತ್ತು. ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಕೂಸು ಮಿಸುಕಿತು. ಹಿಂದಕ್ಕೆ ಸರಿದು ಬಾಗಿಲ ಹೊರಗೆ ನಿಂತಳು. ನಿಂತುಹೋಯಿತು. ಮತ್ತೆ ಒಳಗೆ ಬಂದಳು. ಒದೆಯಿತು. ಅವಳ ಮೈಯೆಲ್ಲ ಜುಮ್ಮೆಂದಿತು, ಆದರೆ ಅದು ಚಳಿಗಲ್ಲ. ಆ ಕೋಣೆಯಲ್ಲಿ ತನಗೆ ಚಳಿಯೇ ಆಗುತ್ತಿಲ್ಲವೆಂಬುದು ಅವಳಿಗೆ ಆಗ ಹೊಳೆಯಿತು. ಮೆಲ್ಲಗೆ ನೆಲದ ಮೇಲೆ ಕುಳಿತಳು.

ಹೊರಗೆ ಗಾಡಿಯ ಹಾರ್ನ್ ಕೂಗಿತು.

"ಯಾರಮ್ಮಾ ಒಳಗೆ? ಯಂತ್ರ ಆರಿಸ್ತೀನಿ, ಬನ್ನಿ," ಎಂದು ಯಜಮಾನರು ಗುಂಡಿಗೆ ಕೈ ಹಾಕಿದರು.

"ಬೇಡ!" ಅವಳ ಕಿರುಚಾಟಕ್ಕೆ ಅಳಿಯ, ಹಮಾಲಿ ಇಬ್ಬರೂ ಓಡಿ ಬಂದರು. ಅವರನ್ನು ಸರಿಸಿ ತಾಯಿ ಒಳಗೆ ಬಂದಳು. ಮದುವೆಯಾದಾಗಿನಿಂದ ಸವತಿಯ ಮನೆ ಎಂದು ಬೈದು ಎಂದೂ ಕಾಲಿಡದಿದ್ದ ಕೋಣೆ ಅದು.

"ಏನೇ ಇದು ಹುಚ್ಚು? ಏಳು ಮೇಲೆ."

"ಕೂಸು ಮೊನ್ನೆಯಿಂದ ಅಲುಗಾಡ್ತಿರ್ಲಿಲ್ಲಮ್ಮಾ. ನರ್ಸು ಕೂಡ ಹೆದರಿದ್ಲು. ಇಲ್ಲಿ ಅಲುಗಾಡ್ತಿದೆ." ತಾಯಿಯ ಕೈ ಎಳೆದು ಹೊಟ್ಟೆಯ ಮೇಲೆ ಒತ್ತಿಕೊಂಡಳು. "ಇಲ್ಲಿ ಮಾತ್ರ. ಹೊರಗೆ ಹೋದ್ರೆ ನಿಲ್ಲುತ್ತೆ."

ತಾಯಿ ಬಗ್ಗಿ ನಿಂತೇ ಇದ್ದಳು. ಅಂಗೈಯ ಕೆಳಗೆ ಒಂದು ಸಣ್ಣ ಹಿಮ್ಮಡಿ ಗುದ್ದಿ ಜಾರಿತು. ಆಕೆಯ ಮುಖದಲ್ಲಿ ಮೊದಲು ಸಂತೋಷ ಬಂತು. ಅದರ ಹಿಂದೆಯೇ ಬಂದದ್ದನ್ನು ನೋಡಲಾರದೆ ಮಗಳು ಕಣ್ಣು ತಗ್ಗಿಸಿದಳು.

"ಡಾಕ್ಟರನ್ನ ಇಲ್ಲಿಗೇ ಕರ್ಕೊಂಬಾ, ಓಡು," ಎಂದು ತಾಯಿ ಅಳಿಯನಿಗೆ ಹೇಳಿದಳು. ಅವನು ಓಡಿದ.

"ಅಮ್ಮಾ, ಗಾಡಿ ಬಿಸಿಲಲ್ಲಿ ನಿಂತಿದೆ," ಎಂದ ಹಮಾಲಿ ಬಾಗಿಲಲ್ಲಿ. "ಮಂಜೆಲ್ಲಾ ಕರಗ್ತಿದೆ. ಮನೆಗೆ ಕರ್ಕೊಂಡ್ಹೋಗ್ಬೇಕು ಅಂತಿದ್ರಲ್ಲ?"

ತಾಯಿ ಗಾಡಿಯ ಕಡೆ ಒಮ್ಮೆ ನೋಡಿದಳು. "ಕಾಯ್ಲಿ ಬಿಡು," ಎಂದಳು. "ಇಷ್ಟು ವರ್ಷ ನಾನು ಕಾದಿಲ್ವಾ?"

ಆಮೇಲೆ ಯಜಮಾನರ ಕಡೆ ತಿರುಗಿ ಗದರಿದಳು: "ಬಾಗಿಲು ಹಾರು ಹೊಡ್ಕೊಂಡು ನಿಂತಿದೀರಲ್ಲ! ತಂಪೆಲ್ಲಾ ಹೊರಗೆ ಹೋಗುತ್ತೆ. ಹಾಕಿ."

ಬಾಗಿಲು ಮುಚ್ಚಿತು. ಮೇಲೊಂದು ಮಂಕು ದೀಪ ಉಳಿಯಿತು. ತಾಯಿ ಮಗಳ ಪಕ್ಕ ಕುಳಿತು ಮೊಣಕಾಲು ತಬ್ಬಿಕೊಂಡಳು. ಆಕೆಯ ಹಲ್ಲು ಕಟಕಟ ಎನ್ನುತ್ತಿತ್ತು, ಬಾಯಿಂದ ಹಬೆ ಏಳುತ್ತಿತ್ತು. ಮಗಳ ಬಾಯಿಂದ ಏಳುತ್ತಿರಲಿಲ್ಲ.

ಗೋಡೆಯ ಬುಡದಿಂದ ಒಂದು ಇಲಿ ಹೊರಟು ತಾಯಿಯನ್ನು ಬಳಸಿಕೊಂಡು ಮಗಳ ಮಡಿಲ ಹತ್ತಿರ ಬಂದು ನಿಂತಿತು. ಬಟ್ಟೆಯ ಕೆಳಗೆ ಹೊಟ್ಟೆ ಒಂದು ಪಕ್ಕ ಉಬ್ಬಿ ಇಳಿಯಿತು. ಇಲಿ ಬೆದರಲಿಲ್ಲ. ಕಿವಿಯನ್ನು ಅತ್ತ ತಿರುಗಿಸಿತು, ಹತ್ತಿರ ಸರಿದು ಒತ್ತಿಕೊಂಡು ಕುಳಿತಿತು. ಅದರ ಹಿಂದೆ ಇನ್ನೊಂದು ಬಂತು.