ಒಪ್ಪತ್ತು

ಕಳಿತ ಹಣ್ಣಿನ ವಾಸನೆ. ಕಾಫಿ ಲೋಟ ಇಡಲು ರಾಗಿಣಿ ಬಾಗಿದಾಗ ಅವಳ ಉಸಿರಿನಿಂದಲೇ ಬಂತು. ಹೆಂಡತಿ ಊಟ ಬಿಟ್ಟಿದ್ದಾಳೆಂದು ಬೇರೆ ಗಂಡಂದಿರಿಗೆ ಅವಳ ತಟ್ಟೆ ನೋಡಿ ತಿಳಿಯುತ್ತದೆ. ಬಯೋಕೆಮಿಸ್ಟ್ರಿ ಲೆಕ್ಚರರ್ ಸೇತುರಾಮನಿಗೆ, ಹಸಿದ ದೇಹ ಕೊಬ್ಬು ಉರಿಸುವಾಗ ಹುಟ್ಟುವ ಕೀಟೋನಿನಿಂದ ತಿಳಿಯಿತು.

"ಎಷ್ಟು ದಿನದಿಂದ ಏನೂ ತಿಂದಿಲ್ಲ?"

"ಶನಿವಾರ ಒಪ್ಪತ್ತು ಅಲ್ವಾ."

"ಇವತ್ತು ಗುರುವಾರ."

"ಕಾಫಿ ಆರ್ತಾ ಇದೆ ನೋಡಿ."

ಕುಡಿದ. ಮಾತು ಅಲ್ಲಿಗೇ ಮುಗಿದದ್ದರಿಂದ ಅವನಿಗೆ ಸಮಾಧಾನವೇ ಆಯಿತು.

ವಿಜಯನಗರದ ಕಾಲೇಜಿನಲ್ಲಿ ಅಂದು ಅದೇ ಪಾಠ. "ಹಸಿದಾಗ ದೇಹ ಮೊದಲು ಸಕ್ಕರೆ ಉರಿಸುತ್ತೆ. ಅದು ಮುಗಿದ್ರೆ ಕೊಬ್ಬು. ಕೊಬ್ಬೂ ಮುಗಿದ್ರೆ ತನ್ನ ಮಾಂಸಾನೇ." ಹುಡುಗರು ನಕ್ಕರು. ಪ್ರತಿ ವರ್ಷ ಇಲ್ಲೇ ನಗುತ್ತಾರೆ.

ಒಬ್ಬ ಹುಡುಗಿ ಎದ್ದಳು. "ಸಾರ್, ಕೊಬ್ಬು ಉರಿಸೋಕೇ ಆಗದೋರು ಇರ್ತಾರಾ?"

"ಇರ್ತಾರೆ. ಹುಟ್ಟಿನಿಂದಾನೇ ಅದಕ್ಕೆ ಬೇಕಾದ ಎಂಜೈಮ್ ಇರಲ್ಲ. ಮಗು ನೋಡೋಕೆ ಚೆನ್ನಾಗೇ ಇರುತ್ತೆ. ಜಾಸ್ತಿ ಹೊತ್ತು ಹಾಲು ಕುಡೀದೆ ಇದ್ರೆ..." ಡಸ್ಟರ್ ಎತ್ತಿಕೊಂಡ. "ಸಿಲಬಸ್‌ನಲ್ಲಿಲ್ಲ, ಬಿಡಿ."

ಹೋದ ವರ್ಷ ಸೇತುರಾಮ-ರಾಗಿಣಿಯರ ಮಗು ಜ್ವರದಲ್ಲಿ ಮಲಗಿದ್ದು ಮತ್ತೆ ಏಳಲಿಲ್ಲ. ಹಾಲು ಕುಡಿಸಲು ಎಬ್ಬಿಸಹೋದ ರಾಗಿಣಿಯನ್ನು ಅವನ ತಾಯಿಯೇ ತಡೆದಿದ್ದರು: "ಮಲಗಿರೋ ಮಗೂನ ಎಬ್ಬಿಸಬಾರ್ದು ಕಣೇ." ಸೇತುರಾಮ ಪಕ್ಕದಲ್ಲೇ ಪೇಪರ್ ಓದುತ್ತಿದ್ದ. ಕಾರಣ ಇದೇ ಎಂಜೈಮಿನ ದೋಷ ಎಂದು ಗೊತ್ತಾದ ಮೇಲೆ ಬಂದವರಿಗೆಲ್ಲ ಸೊಗಸಾಗಿ ವಿವರಿಸಿದ. ದೊಡ್ಡಪ್ಪ ಹನುಮಂತಯ್ಯನವರು, "ಓದಿದೋರು ಓದಿದೋರೇ ಕಣಪ್ಪ" ಎಂದು ತಲೆದೂಗಿದರು.

ಒಂದನ್ನು ಮಾತ್ರ ಹೇಳಲಿಲ್ಲ. ಆ ದೋಷ ಮಗುವಿಗೆ ಬರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ಬರಬೇಕು. "ಮಗೂನ ಉಪವಾಸ ಕೆಡವಿದ್ಲು" ಎಂದು ತಾಯಿ ಸೊಸೆಯ ಮುಂದೆಯೇ ಗೊಣಗಿದಾಗಲೂ ಸೇತುರಾಮನ ಬಾಯಿಗೆ ಬೀಗ. ಅಂದಿನಿಂದ ರಾಗಿಣಿಗೆ ವಾರವೆಲ್ಲ ಶನಿವಾರವಾಯಿತು.

ಇವತ್ತು ಹೇಳಿಬಿಡಬೇಕು. ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿಯೇ ಅಭ್ಯಾಸ ಮಾಡಿದ: ನಿನ್ನ ತಪ್ಪಲ್ಲ. ಅರ್ಧ ನನ್ನದು. ಹೋಟೆಲಿನಲ್ಲಿ ಖಾಲಿ ದೋಸೆ ಕಟ್ಟಿಸಿಕೊಂಡ.

ಮನೆಯಲ್ಲಿ ಅವಳು ದೇವರ ದೀಪ ಹಚ್ಚಿ ಕುಳಿತಿದ್ದಳು.

"ದೋಸೆ ತಂದಿದೀನಿ."

"ನೀವು ತಿನ್ನಿ."

"ರಾಗಿಣಿ, ಅವತ್ತು ಮಗು..."

ಅವಳು ತಲೆಯೆತ್ತಿದಳು. ಒಂದು ವರ್ಷದಲ್ಲಿ ಮೊದಲ ಸಲ ಅವನ ಕಣ್ಣನ್ನೇ ನೋಡಿದಳು. ಕಾಯುತ್ತಿದ್ದಳು. ಅವನಿಗೆ ಭಯವಾಯಿತು.

"ನಿಂಗೆ ಕೀಟೋನ್ ಜಾಸ್ತಿ ಆಗಿದೆ. ನೀರು ಕುಡಿ."

"ಆಯ್ತು" ಎಂದು ಎದ್ದು ಹೋಗಿ ರೂಮಿನ ಬಾಗಿಲು ಹಾಕಿಕೊಂಡಳು.

ಅವನು ದೋಸೆ ತಿಂದ. ಎರಡು ಪಾಲನ್ನೂ ತಿಂದ. ಕೈ ತೊಳೆಯುವಾಗ ಕಮಟು ವಾಸನೆ ಬಂತು. ದೇವರಮನೆಯ ದೀಪದಲ್ಲಿ ಎಣ್ಣೆ ಮುಗಿದು ಬತ್ತಿಯೇ ಉರಿಯುತ್ತಿತ್ತು. ಅಡುಗೆಮನೆಗೆ ಹೋಗಿ ಕಪಾಟು, ಡಬ್ಬಿ, ಸಿಂಕಿನ ಕೆಳಗೆ ಎಲ್ಲ ಹುಡುಕಿದ. ಕೊಬ್ಬಿನ ಬಗ್ಗೆ ವರ್ಷವಿಡೀ ಪಾಠ ಹೇಳುವವನಿಗೆ ತನ್ನ ಮನೆಯಲ್ಲಿ ದೀಪದೆಣ್ಣೆ ಎಲ್ಲಿಡುತ್ತಾರೆಂದು ಗೊತ್ತಿರಲಿಲ್ಲ.

ಕೇಳಲೆಂದು ರೂಮಿನ ಬಾಗಿಲಿಗೆ ಕೈಯೆತ್ತಿದ. ಮಲಗಿದವರನ್ನು ಎಬ್ಬಿಸಬಾರದು ಎಂದುಕೊಂಡು ಇಳಿಸಿದ. ಬತ್ತಿ ಸುಡುವ ವಾಸನೆ ಬರುತ್ತಲೇ ಇತ್ತು.